ಒಂದೇ ಊರಿನ ಹಲವು ಮಕ್ಕಳಲ್ಲಿ ಹುಟ್ಟು ನ್ಯೂನತೆ: ಕಾರಣವನ್ನು ಹುಡುಕುವುದು ಹೇಗೆ?

ಕಾಸರಗೋಡಿನ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುವುದು ನಿಂತು ಸುಮಾರು ಎರಡೂವರೆ ದಶಕಗಳಾದವು. ಆದರೂ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಮನೆಯೊಂದರಲ್ಲಿ ವೈಕಲ್ಯವಿರುವ ಮಗು ಹುಟ್ಟಿದರೆ, ಬಾಣಂತಿಯನ್ನು ನೋಡಲು ಬಂದವರು ಕೇಳುವ ಅಥವಾ ಕೇಳಲಾಗದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆ ಒಂದೇ: ಇದು ಆ ವಿಷದಿಂದಲೇ ಬಂದದ್ದೋ? ಒಂದು ಕಾಲದಲ್ಲಿ ಇದನ್ನು ದೈವದ ಮುನಿಸು ಎಂದುಕೊಂಡವರೂ ಇದ್ದರು. ಈಗ ಕೆಲವರು ವಿಷವೇ ಎಂದು ಖಚಿತವಾಗಿ ಹೇಳುತ್ತಾರೆ, ಇನ್ನು ಕೆಲವರು ಅಷ್ಟೇ ಖಚಿತವಾಗಿ ಅಲ್ಲ ಎನ್ನುತ್ತಾರೆ.

ಈ ಎರಡು ಖಚಿತ ಮಾತುಗಳ ನಡುವೆ ದೀರ್ಘವಾದ ಒಂದು ಕೆಲಸವಿದೆ. ಒಂದು ಪ್ರದೇಶದಲ್ಲಿ ಹುಟ್ಟು ನ್ಯೂನತೆಗಳು ನಿಜಕ್ಕೂ ಹೆಚ್ಚಾಗಿವೆಯೇ, ಹೆಚ್ಚಾಗಿದ್ದರೆ ಅದಕ್ಕೆ ನೀರು, ಗಾಳಿ, ಮಣ್ಣಿನಲ್ಲಿ ಸೇರಿದ ಯಾವುದಾದರೂ ವಸ್ತು ಕಾರಣವೇ ಎಂಬುದನ್ನು ವೈದ್ಯರೂ ಸಂಶೋಧಕರೂ ಹಂತ ಹಂತವಾಗಿ ಪರೀಕ್ಷಿಸುವ ಕೆಲಸ ಅದು. ಆ ಹಂತಗಳು ತಿಳಿದರೆ, ಒಂದೇ ಊರಿನ ಬಗ್ಗೆ ಎರಡು ವರದಿಗಳು ಎರಡು ರೀತಿ ಹೇಳುವುದೇಕೆ ಎಂಬುದೂ ಅರ್ಥವಾಗುತ್ತದೆ.

ಹುಟ್ಟು ನ್ಯೂನತೆ ಎಂದರೆ ಏನು?

ಗರ್ಭದಲ್ಲಿ ಬೆಳೆಯುವಾಗಲೇ ಮಗುವಿನ ಅಂಗದ ರಚನೆಯಲ್ಲಿ ಅಥವಾ ಕೆಲಸದಲ್ಲಿ ಉಂಟಾಗುವ ಕೊರತೆಗೆ ಹುಟ್ಟು ನ್ಯೂನತೆ ಎನ್ನುತ್ತಾರೆ. ಸೀಳು ತುಟಿ, ಹೃದಯದ ಗೋಡೆಯಲ್ಲಿ ರಂಧ್ರ, ಬೆನ್ನುಹುರಿಯ ಸುತ್ತಲಿನ ಮೂಳೆ ಮುಚ್ಚಿಕೊಳ್ಳದಿರುವುದು, ಕೈಕಾಲು ಪೂರ್ಣವಾಗಿ ಮೂಡದಿರುವುದು ರಚನೆಗೆ ಸಂಬಂಧಿಸಿದವು. ಡೌನ್ ಸಿಂಡ್ರೋಮ್ ವರ್ಣತಂತುವಿನ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸದಿಂದ ಬರುವಂಥದ್ದು. ಹುಟ್ಟಿದ ದಿನವೇ ಕಣ್ಣಿಗೆ ಬೀಳುವ ನ್ಯೂನತೆಗಳಿವೆ. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಮಾತ್ರ ತಿಳಿಯುವಂಥವೂ ಇವೆ.

ಯಾವ ವಿಷವೂ ಸೋಕದ ಊರಿನಲ್ಲಿಯೂ ನೂರು ಮಕ್ಕಳಲ್ಲಿ ಸುಮಾರು ಮೂವರಿಗೆ ಗಮನಾರ್ಹವಾದ ಯಾವುದಾದರೊಂದು ನ್ಯೂನತೆ ಇರುತ್ತದೆ ಎಂಬ ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ. ವರ್ಷಕ್ಕೆ 300 ಹೆರಿಗೆಗಳಾಗುವ ಒಂದು ಪಂಚಾಯತಿನಲ್ಲಿ ಪ್ರತಿ ವರ್ಷ ಇಂಥ ಒಂಬತ್ತು ಮಕ್ಕಳು ಹುಟ್ಟಿದರೆ ಅದು ಎಲ್ಲ ಕಡೆ ಇರುವ ಪ್ರಮಾಣವೇ ಆಯಿತು. ಮಗುವನ್ನು ಎತ್ತಿಕೊಂಡ ತಾಯಿಗೆ ಈ ಲೆಕ್ಕ ಯಾವ ಸಮಾಧಾನವನ್ನೂ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ತನಿಖೆ ಆರಂಭವಾಗುವುದು ಈ ಅಂಕಿಯಿಂದಲೇ, ಏಕೆಂದರೆ 'ಹೆಚ್ಚು' ಎನ್ನಬೇಕಾದರೆ 'ಯಾವುದಕ್ಕಿಂತ ಹೆಚ್ಚು' ಎಂಬುದು ಮೊದಲು ಗೊತ್ತಿರಬೇಕು.

ಕಾರಣಗಳೂ ಹಲವು. ವಂಶವಾಹಿಯ ದೋಷ, ತಾಯಿಯ ವಯಸ್ಸು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗರ್ಭಿಣಿಗೆ ತಗಲುವ ರುಬೆಲ್ಲಾ ಸೋಂಕು, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಗಳು, ಮದ್ಯ, ಆಹಾರದಲ್ಲಿ ಫೋಲಿಕ್ ಆಮ್ಲದ ಕೊರತೆ ಇವೆಲ್ಲ ಖಚಿತವಾಗಿ ಗೊತ್ತಿರುವಂಥವು. ಸೋದರ ಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ ಮೂರರಷ್ಟಿರುವ ಸಾಧ್ಯತೆ ಐದಾರಕ್ಕೆ ಏರುತ್ತದೆ. ಇಷ್ಟೆಲ್ಲ ಹುಡುಕಿದ ಮೇಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ವಿಷಯದಲ್ಲಿ ಕಾರಣ ಸಿಗುವುದೇ ಇಲ್ಲ.

ಅಂಗಳದ ಮೇಲೆ ಬಿದ್ದ ಮೊದಲ ಮಳೆ

ಒಂದು ಜಾಗದಲ್ಲಿ, ಒಂದು ಅವಧಿಯಲ್ಲಿ, ನಿರೀಕ್ಷೆಗಿಂತ ಹೆಚ್ಚು ಪ್ರಕರಣಗಳು ಒಟ್ಟಾಗಿ ಕಾಣಿಸಿದರೆ ಅದನ್ನು ಕ್ಲಸ್ಟರ್ ಎನ್ನುತ್ತಾರೆ. ಕೋವಿಡ್ ಕಾಲದಲ್ಲಿ ಈ ಪದ ಎಲ್ಲರ ಬಾಯಲ್ಲೂ ಇತ್ತು. ಹುಟ್ಟು ನ್ಯೂನತೆಯ ವಿಷಯದಲ್ಲಿ ಇದನ್ನು ಗುರುತಿಸುವುದು ಅದಕ್ಕಿಂತ ಕಷ್ಟ.

ಅಡಿಕೆ ಒಣಗಿಸುವ ಅಂಗಳದ ಮೇಲೆ ಮೊದಲ ಮಳೆಯ ಹನಿಗಳು ಬೀಳುವುದನ್ನು ನೆನಪಿಸಿಕೊಳ್ಳಿ. ಹನಿಗಳು ಗೆರೆ ಎಳೆದು ಅಳತೆ ಮಾಡಿದಂತೆ ಸಮನಾಗಿ ಬೀಳುವುದಿಲ್ಲ. ಒಂದು ಕಡೆ ನಾಲ್ಕು ಹನಿ ಒತ್ತೊತ್ತಾಗಿ ಬಿದ್ದಿರುತ್ತವೆ, ಪಕ್ಕದ ಒಂದು ಮಾರು ಜಾಗ ಒಣಗಿಯೇ ಇರುತ್ತದೆ. ನಾಲ್ಕು ಹನಿ ಬಿದ್ದ ಜಾಗದ ಸುತ್ತ ಬಳಪದಿಂದ ವೃತ್ತ ಎಳೆದು, ಇಲ್ಲಿ ಮಾತ್ರ ಮಳೆ ಜಾಸ್ತಿ ಏಕೆ ಎಂದು ಕೇಳಿದರೆ ಉತ್ತರವಿಲ್ಲ. ವೃತ್ತವನ್ನು ಹನಿ ಬಿದ್ದ ಮೇಲೆ ಎಳೆದದ್ದೇ ಅಲ್ಲಿನ ತೊಡಕು. ಆದರೆ ಮೇಲಿನ ಮಾಡಿನ ಹೆಂಚು ಒಡೆದಿರುವುದರಿಂದಲೂ ಆ ಜಾಗಕ್ಕೆ ಹನಿ ಹೆಚ್ಚು ಬಿದ್ದಿರಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದೇ ತನಿಖೆಯ ಕೆಲಸ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಸಾವಿರಕ್ಕೆ ಒಂದರಂತೆ ಕಾಣಿಸುವ ಒಂದು ನ್ಯೂನತೆಯನ್ನು ತೆಗೆದುಕೊಳ್ಳೋಣ. ಐದು ವರ್ಷಗಳಲ್ಲಿ ಒಂದು ಪಂಚಾಯತಿನಲ್ಲಿ 1,000 ಹೆರಿಗೆಗಳಾದರೆ ಒಂದು ಪ್ರಕರಣವನ್ನು ನಿರೀಕ್ಷಿಸಬಹುದು. ಆದರೆ ಯಾವ ವಿಶೇಷ ಕಾರಣವೂ ಇಲ್ಲದೆ, ಬರಿಯ ಆಕಸ್ಮಿಕದಿಂದಲೇ, ಅಲ್ಲಿ ಮೂರು ಅಥವಾ ಹೆಚ್ಚು ಪ್ರಕರಣಗಳು ಕಾಣಿಸುವ ಸಾಧ್ಯತೆ ನೂರಕ್ಕೆ ಎಂಟರಷ್ಟಿದೆ. ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳಿವೆ. ಎಲ್ಲ ಕಡೆ ಇಷ್ಟೇ ಹೆರಿಗೆಗಳಾಗುತ್ತವೆ ಎಂದು ಭಾವಿಸಿದರೆ, ಆಕಸ್ಮಿಕವೊಂದರಿಂದಲೇ ಸುಮಾರು ಮೂರು ಪಂಚಾಯತುಗಳಲ್ಲಿ ಪ್ರಮಾಣ ಮೂರು ಪಟ್ಟಾದಂತೆ ತೋರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಚರ್ಚೆಗಳಲ್ಲಿ ಈ ಭಾಗವನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಒಂದು ಪಂಚಾಯತಿನ ನೀರಿನಲ್ಲಿ ನಿಜಕ್ಕೂ ವಿಷವಿದ್ದು, ಅದು ಆ ನ್ಯೂನತೆಯನ್ನು ಎರಡು ಪಟ್ಟು ಹೆಚ್ಚಿಸಿದೆ ಎಂದುಕೊಳ್ಳೋಣ. ಆಗ ನಿರೀಕ್ಷಿತ ಸಂಖ್ಯೆ ಎರಡು. ಆದರೂ ಆ ಐದು ವರ್ಷಗಳಲ್ಲಿ ಒಂದೇ ಪ್ರಕರಣ ಕಾಣಿಸುವ ಅಥವಾ ಒಂದೂ ಕಾಣಿಸದಿರುವ ಸಾಧ್ಯತೆ ನೂರಕ್ಕೆ ನಲವತ್ತರಷ್ಟಿರುತ್ತದೆ. ಅಂದರೆ ಸಣ್ಣ ಊರಿನ ಸಣ್ಣ ಸಂಖ್ಯೆಗಳು ಇಲ್ಲದ ಅಪಾಯವನ್ನು ಇದ್ದಂತೆ ತೋರಿಸಬಲ್ಲವು, ಇರುವ ಅಪಾಯವನ್ನು ಮುಚ್ಚಿಡಲೂಬಲ್ಲವು.

ಮೊದಲು ಎಣಿಕೆ

ತನಿಖೆಯ ಮೊದಲ ಕೆಲಸ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಮೊದಲ ಕೆಲಸ ಎಣಿಸುವುದು, ಅದಕ್ಕೂ ಮೊದಲು ಏನನ್ನು ಎಣಿಸಬೇಕೆಂದು ನಿರ್ಧರಿಸುವುದು. 'ಅಂಗವಿಕಲ ಮಕ್ಕಳು' ಎಂಬ ಒಂದೇ ಶೀರ್ಷಿಕೆಯಡಿ ಸೀಳು ತುಟಿಯ ಮಗು, ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಮಗು, ಆಮೇಲೆ ಜ್ವರ ನೆತ್ತಿಗೇರಿ ಕಿವುಡಾದ ಮಗು, ಇವರೆಲ್ಲರನ್ನೂ ಸೇರಿಸಿದರೆ ಕಾರಣ ಹುಡುಕಲಾಗುವುದಿಲ್ಲ. ಒಂದು ವಸ್ತು ಸಾಮಾನ್ಯವಾಗಿ ಕೆಲವು ಬಗೆಯ ಹಾನಿಯನ್ನಷ್ಟೇ ಮಾಡುತ್ತದೆ. ಆದ್ದರಿಂದ ಯಾವ ನ್ಯೂನತೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಗಡಿಯೊಳಗೆ ಎಂಬುದನ್ನು ಮೊದಲೇ ಬರೆದಿಡುತ್ತಾರೆ. ಹನಿ ಬೀಳುವ ಮೊದಲೇ ವೃತ್ತ ಎಳೆದಿಡುವ ಕ್ರಮವಿದು. ಆಮೇಲೆ ಪ್ರತಿಯೊಂದು ಮಗುವನ್ನೂ ವೈದ್ಯರು ಪರೀಕ್ಷಿಸಿ, ಹಳೆಯ ದಾಖಲೆಗಳನ್ನು ನೋಡಿ, ರೋಗನಿರ್ಣಯವನ್ನು ಖಚಿತಪಡಿಸುತ್ತಾರೆ.

ನಂತರ ಬೇಕಾದದ್ದು ಆ ಅವಧಿಯಲ್ಲಿ ಒಟ್ಟು ಎಷ್ಟು ಮಕ್ಕಳು ಹುಟ್ಟಿದರು ಎಂಬ ಸಂಖ್ಯೆ. ನಮ್ಮ ಗಡಿನಾಡಿನಲ್ಲಿ ಇದು ಕೇಳಲು ಸುಲಭ, ಸಿಗಲು ಬಹಳ ಕಷ್ಟ. ಜನನದ ನೋಂದಣಿ 1969ರ ಕಾಯಿದೆಯ ಪ್ರಕಾರ ಮಗು ಹುಟ್ಟಿದ ಸ್ಥಳದಲ್ಲಿ ಆಗುತ್ತದೆ, ತಾಯಿ ವಾಸಿಸುವ ಸ್ಥಳದಲ್ಲಲ್ಲ. ಮಂಜೇಶ್ವರ ತಾಲೂಕಿನ ಅನೇಕ ಹೆಣ್ಣುಮಕ್ಕಳು ಹೆರಿಗೆಗೆ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತಾರೆ. ಆ ಮಕ್ಕಳ ಜನನ ಕರ್ನಾಟಕದ ದಾಖಲೆಯಲ್ಲಿರುತ್ತದೆ, ಅವರು ಬೆಳೆಯುವುದು ಕೇರಳದ ಪಂಚಾಯತಿನಲ್ಲಿ. ಇದರ ಜೊತೆಗೆ ಚೊಚ್ಚಲ ಹೆರಿಗೆಗೆ ತವರುಮನೆಗೆ ಹೋಗುವ ಪದ್ಧತಿಯೂ ಇದೆ. ಗರ್ಭದ ಮೊದಲ ತಿಂಗಳುಗಳನ್ನು ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಳೆದು ಪುತ್ತೂರಿನ ತವರಿನಲ್ಲಿ ಹೆತ್ತವಳ ಮಗುವಿನ ಲೆಕ್ಕ ಯಾವ ಊರಿನದು? ತನಿಖೆಯ ದೃಷ್ಟಿಯಿಂದ ಉತ್ತರ ಸ್ಪಷ್ಟ: ಅಂಗಾಂಗಗಳು ಮೂಡುವ ಕಾಲದಲ್ಲಿ ತಾಯಿ ಎಲ್ಲಿದ್ದಳೋ ಆ ಊರಿನದು. ಆದರೆ ಆ ಮಾಹಿತಿ ಯಾವ ಜನನ ಪ್ರಮಾಣಪತ್ರದಲ್ಲಿಯೂ ಇರುವುದಿಲ್ಲ.

ಗರ್ಭಪಾತವಾದವು, ಸತ್ತು ಹುಟ್ಟಿದವು, ಸ್ಕ್ಯಾನಿಂಗಿನಲ್ಲಿ ತೀವ್ರ ನ್ಯೂನತೆ ಕಂಡು ಮುಂದುವರಿಸದೆ ಬಿಟ್ಟ ಗರ್ಭಗಳು ಇವೂ ಲೆಕ್ಕಕ್ಕೆ ಬರಬೇಕು. ಬಾರದಿದ್ದರೆ ಅತ್ಯಂತ ಗಂಭೀರ ಪ್ರಕರಣಗಳೇ ಕಾಣೆಯಾಗುತ್ತವೆ. ಈ ಎಲ್ಲ ಮಾಹಿತಿಯನ್ನು ವರ್ಷಾನುವರ್ಷ ಒಂದೆಡೆ ಬರೆದಿಡುವ ವ್ಯವಸ್ಥೆಗೆ ಹುಟ್ಟು ನ್ಯೂನತೆಗಳ ರಿಜಿಸ್ಟ್ರಿ ಎನ್ನುತ್ತಾರೆ. ಭಾರತದಲ್ಲಿ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನವಜಾತ ಶಿಶುಗಳ ತಪಾಸಣೆಯಾಗುತ್ತದೆ. ಸಿಂಪಡಣೆ ನಡೆದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇಂಥ ವ್ಯವಸ್ಥೆ ಇರಲಿಲ್ಲ. ಕಾಸರಗೋಡಿನ ಪ್ರಶ್ನೆ ಇಷ್ಟು ಕಗ್ಗಂಟಾಗಿ ಉಳಿಯಲು ಇದು ಬಹು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಗರ್ಭದ ಕಾಲಗಣನೆ

ಕಾರಣವನ್ನು ಒಪ್ಪಲು ಅಥವಾ ತಳ್ಳಿಹಾಕಲು ತನಿಖೆಗಾರರ ಕೈಯಲ್ಲಿರುವ ಬಲವಾದ ಸಾಧನ ದಿನಗಳ ಲೆಕ್ಕ. ಮಗುವಿನ ಹೆಚ್ಚಿನ ಅಂಗಗಳು ಗರ್ಭಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ ಮೂಡುತ್ತವೆ. ಮೆದುಳು ಮತ್ತು ಬೆನ್ನುಹುರಿಯ ಮೂಲವಾದ ನರಕೊಳವೆ ಸುಮಾರು 28ನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ; ಮುಟ್ಟು ನಿಂತದ್ದು ಅನೇಕರಿಗೆ ಆಗಷ್ಟೇ ಗಮನಕ್ಕೆ ಬಂದಿರುತ್ತದೆ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಕೈ ಮೂಡದ ಮಗುವಿನ ತಾಯಿ ಏಳನೆಯ ತಿಂಗಳಿನಲ್ಲಿ ವಿಷದ ಗಾಳಿ ಕುಡಿದಿದ್ದರೆ ಆ ನ್ಯೂನತೆಗೆ ಅದು ಕಾರಣವಾಗಿರಲಾರದು, ಏಕೆಂದರೆ ಕೈ ಮೂಡುವ ಕಾಲ ಐದು ತಿಂಗಳ ಹಿಂದೆಯೇ ಮುಗಿದಿರುತ್ತದೆ. ಮೆದುಳಿನ ವಿಷಯ ಬೇರೆ; ಅದು ಒಂಬತ್ತು ತಿಂಗಳೂ, ಹುಟ್ಟಿದ ಮೇಲೂ ಬೆಳೆಯುತ್ತಿರುವುದರಿಂದ ಅದಕ್ಕೆ ತಡವಾಗಿಯೂ ಹಾನಿಯಾಗಬಹುದು.

ದಿನಗಳ ಲೆಕ್ಕ ಎಷ್ಟು ನಿಖರವಾಗಿ ಅಪರಾಧಿಯನ್ನು ತೋರಿಸಬಲ್ಲದು ಎಂಬುದಕ್ಕೆ ಥಾಲಿಡೋಮೈಡ್ ಉದಾಹರಣೆ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರುಕಟ್ಟೆಗೆ ಬಂದ ಈ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯರು ವಾಕರಿಕೆಗೂ ನುಂಗುತ್ತಿದ್ದರು. ಗರ್ಭಕಟ್ಟಿದ ಸುಮಾರು 20ರಿಂದ 36ನೆಯ ದಿನದೊಳಗೆ ನುಂಗಿದವರ ಮಕ್ಕಳಲ್ಲಿ ಕೈಕಾಲುಗಳು ಮೊಟಕಾಗಿದ್ದವು. ಜರ್ಮನಿಯ ವಿಡುಕಿಂಡ್ ಲೆಂಜ್ ಮತ್ತು ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು 1961ರಲ್ಲಿ ಇದನ್ನು ಬಯಲಿಗೆ ತಂದರು. ನ್ಯೂನತೆ ಅತ್ಯಂತ ಅಪರೂಪದ್ದಾಗಿತ್ತು, ಮಾತ್ರೆ ನುಂಗಿದ್ದು ತಾಯಂದಿರಿಗೆ ನೆನಪಿತ್ತು, ವೈದ್ಯರ ಚೀಟಿಯಲ್ಲಿಯೂ ಇತ್ತು. ಆದ್ದರಿಂದ ಕಾರಣ ಸಿಕ್ಕಿತು. ಕುಡಿಯುವ ನೀರಿನಲ್ಲಿ ಕಾಣದಂತೆ ಬರುವ ವಸ್ತುವಿಗೆ ಚೀಟಿಯೂ ಇಲ್ಲ, ನೆನಪೂ ಇಲ್ಲ.

ವಿಷ ಮನೆಯವರೆಗೆ ಬಂದ ದಾರಿ

ಒಂದು ರಾಸಾಯನಿಕ ಅಪಾಯಕಾರಿ ಎಂದು ತೋರಿಸಿದರಷ್ಟೇ ಸಾಲದು. ಅದು ಬಸುರಿಯ ದೇಹವನ್ನು ತಲುಪಿದ ದಾರಿಯನ್ನು ಕೊಂಡಿ ಕೊಂಡಿಯಾಗಿ ತೋರಿಸಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದವರಿಗೆ ಇದು ಹೊಸ ವಿಷಯವಲ್ಲ. ಮರದ ತುದಿಗೆ ಹೊಡೆದದ್ದು ಕೆಳಗಿನ ಕರಿಮೆಣಸಿನ ಎಲೆಯ ಮೇಲೂ, ಕೊಕ್ಕೋದ ಮೇಲೂ, ಹೊಡೆಯುವವನ ಅಂಗಿಯ ಮೇಲೂ ನೀಲಿಯಾಗಿ ಕಾಣುತ್ತದೆ. ಎಂಡೋಸಲ್ಫಾನಿಗೆ ಅಂಥ ಬಣ್ಣವಿರಲಿಲ್ಲ.

ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳು ಕಾಸರಗೋಡಿನಲ್ಲಿ ಸುಮಾರು 4,700 ಹೆಕ್ಟೇರಿನಷ್ಟಿವೆ. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಆಕಾಶದಿಂದ ಸಿಂಪಡಣೆ ನಡೆಯಿತು. ಪಡ್ರೆಯಂಥ ಊರಿನ ನೆಲದ ರಚನೆಯನ್ನು ಕಂಡವರಿಗೆ ಮುಂದಿನ ಕೊಂಡಿ ಹೊಳೆಯುತ್ತದೆ. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆ, ತೋಟ, ತೋಡುಗಳಿರುವುದು ಅದರ ಬುಡದಲ್ಲಿ. ಕುಡಿಯುವ ನೀರು ಬರುವುದು ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೆರೆದ ಬಾವಿಗಳಿಂದ. ಮೇಲೆ ಬಿದ್ದದ್ದು ಮಳೆಯೊಂದಿಗೆ ಇಳಿಯಲು, ಜಿನುಗಲು ಇದಕ್ಕಿಂತ ನೇರವಾದ ದಾರಿ ಬೇಕಿಲ್ಲ.

ಆದರೂ 'ಬರಬಹುದು' ಎಂಬುದು ಊಹೆ; 'ಬಂದಿದೆ' ಎನ್ನಲು ಅಳತೆ ಬೇಕು. ಇಲ್ಲಿ ಕಾಲ ಅಡ್ಡಬರುತ್ತದೆ. ಎಂಡೋಸಲ್ಫಾನ್ ನೀರಿನಲ್ಲಿ ಹೆಚ್ಚು ಕರಗದೆ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಅಲ್ಲಿ ನಿಧಾನವಾಗಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತದೆ, ಅದೂ ವಿಷವೇ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯಬಹುದಾದರೂ ಮನುಷ್ಯನ ರಕ್ತದಿಂದ ಅದಕ್ಕಿಂತ ಬಹಳ ಬೇಗ ಹೊರಹೋಗುತ್ತದೆ. 1990ರಲ್ಲಿ ಬಸುರಿಯಾಗಿದ್ದವಳ ರಕ್ತವನ್ನು ಇಂದು ಪರೀಕ್ಷಿಸಿದರೆ ಅಂದು ಅವಳ ದೇಹದಲ್ಲಿ ಎಷ್ಟಿತ್ತು ಎಂಬುದು ತಿಳಿಯಲಾರದು. ಇಂದಿನ ಬಾವಿಯ ನೀರು ಶುದ್ಧವಾಗಿದ್ದರೆ ಅದು ಇಂದಿನ ಬಸುರಿಯರಿಗೆ ಒಳ್ಳೆಯ ಸುದ್ದಿ, ಅಂದಿನ ಪ್ರಶ್ನೆಗೆ ಉತ್ತರವಲ್ಲ.

ಜಪಾನಿನ ಮಿನಮಾಟಾದಲ್ಲಿ ಈ ತೊಡಕಿಗೆ ಅನಿರೀಕ್ಷಿತವಾದ ಪರಿಹಾರ ಸಿಕ್ಕಿತು. ಅಲ್ಲಿನ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದ ಸಂಯುಕ್ತ ಮೀನಿನ ಮೂಲಕ ಜನರನ್ನು ಸೇರಿ, 1956ರಲ್ಲಿ ರೋಗ ಬೆಳಕಿಗೆ ಬಂತು. ತಾಯಂದಿರಲ್ಲಿ ಹೆಚ್ಚಿನ ಲಕ್ಷಣಗಳಿಲ್ಲದಿದ್ದರೂ ಮಕ್ಕಳು ಮೆದುಳಿನ ತೀವ್ರ ಹಾನಿಯೊಂದಿಗೆ ಹುಟ್ಟಿದ್ದರು. ಜಪಾನಿನ ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ನೆನಪಿಗಾಗಿ ತೆಗೆದಿಡುವ ಪದ್ಧತಿಯಿತ್ತು. ವರ್ಷಗಳ ನಂತರ ಸಂಶೋಧಕರು ಅವುಗಳಲ್ಲಿನ ಪಾದರಸವನ್ನು ಅಳೆದು, ಯಾವ ವರ್ಷ ಹುಟ್ಟಿದ ಮಗುವಿಗೆ ಎಷ್ಟು ತಗಲಿತ್ತು ಎಂಬುದನ್ನು ತಿಳಿದರು.

ಪಡ್ರೆ ಮತ್ತು ಮೀಂಜ: ಹೋಲಿಸಿ ನೋಡಿದ ಅಧ್ಯಯನ

ಕಾಸರಗೋಡಿನಲ್ಲಿ ಎಚ್ಚರಿಕೆಯ ಮೊದಲ ಮಾತುಗಳು ಊರಿನೊಳಗಿನಿಂದಲೇ ಬಂದವು. ಪತ್ರಕರ್ತ ಶ್ರೀ ಪಡ್ರೆಯವರು ಕರುಗಳು ವಿಕಲವಾಗಿ ಹುಟ್ಟುತ್ತಿರುವುದನ್ನು ಬರೆದರು. ಅಲ್ಲಿಯೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳಲ್ಲಿ ಅಸಹಜತೆಯನ್ನು ಗುರುತಿಸಿ ವೈದ್ಯಕೀಯ ವಲಯದ ಗಮನಕ್ಕೆ ತಂದರು. ಇದು ಜಗತ್ತಿನ ಬೇರೆಡೆಯೂ ನಡೆದ ರೀತಿಯೇ. ರುಬೆಲ್ಲಾ ಸೋಂಕಿನಿಂದ ಹುಟ್ಟುಕುರುಡು ಬರುತ್ತದೆ ಎಂಬುದು ಗೊತ್ತಾದದ್ದು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಶಿಶುಗಳ ಕಣ್ಣಿನ ಪೊರೆಯನ್ನು ಕಂಡು ತಾಯಂದಿರ ಹಿನ್ನೆಲೆಯನ್ನು ವಿಚಾರಿಸಿದ್ದರಿಂದ. ಆದರೆ ಒಬ್ಬ ವೈದ್ಯರ ಅನುಮಾನ ಪ್ರಶ್ನೆಯನ್ನು ಎತ್ತುತ್ತದೆ. ಉತ್ತರಕ್ಕೆ ಹೋಲಿಕೆ ಬೇಕು.

ಆ ಹೋಲಿಕೆಯನ್ನು ಮಾಡಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯವನ್ನು ಕೈಗೆತ್ತಿಕೊಂಡ ಮೇಲೆ, 2001ರಲ್ಲಿ ಸಂಸ್ಥೆಯ ತಂಡ ಪಡ್ರೆಗೆ ಬಂತು. ಹೋಲಿಕೆಗೆ ಸಿಂಪಡಣೆ ನಡೆಯದಿದ್ದ ಮೀಂಜ ಪಂಚಾಯತನ್ನು ಆರಿಸಿಕೊಂಡಿತು. ಎರಡೂ ಕಡೆ ಹವೆ, ಊಟ, ಭಾಷೆ, ಬೇಸಾಯ ಹೆಚ್ಚುಕಡಿಮೆ ಒಂದೇ. ಹೋಲಿಕೆಯ ಊರನ್ನು ಹೀಗೆ ಆರಿಸುವುದರಲ್ಲಿ ಅರ್ಥವಿದೆ. ಪಡ್ರೆಯನ್ನು ಒಂದು ಮಹಾನಗರದೊಂದಿಗೆ ಹೋಲಿಸಿದ್ದರೆ, ಕಂಡ ವ್ಯತ್ಯಾಸ ವಿಷದಿಂದಲೋ, ಆಹಾರದಿಂದಲೋ, ಸೋದರ ಸಂಬಂಧದ ಮದುವೆಗಳಿಂದಲೋ ಎಂದು ಹೇಳಲಾಗುತ್ತಿರಲಿಲ್ಲ. ಗೊಬ್ಬರದ ಪರಿಣಾಮ ನೋಡಲು ಒಂದೇ ಗದ್ದೆಯ ಎರಡು ಮಡಿಗಳಲ್ಲಿ ಒಂದಕ್ಕೆ ಮಾತ್ರ ಗೊಬ್ಬರ ಹಾಕಿ ನೋಡುವ ರೈತನ ಕ್ರಮವೇ ಇದು.

ಪಡ್ರೆಯ ಮಕ್ಕಳಲ್ಲಿ ಕಲಿಕೆಯ ಮತ್ತು ನಡವಳಿಕೆಯ ತೊಂದರೆಗಳು, ಹೆಣ್ಣುಮಕ್ಕಳಲ್ಲಿ ಜನ್ಮಜಾತ ನ್ಯೂನತೆಗಳು, ಗಂಡುಮಕ್ಕಳ ಜನನಾಂಗಕ್ಕೆ ಸಂಬಂಧಿಸಿದ ಅಸಹಜತೆಗಳು ಮೀಂಜಕ್ಕಿಂತ ಹೆಚ್ಚಾಗಿವೆ ಎಂದು ವರದಿ ಹೇಳಿತು. 10ರಿಂದ 19 ವರ್ಷದ 117 ಹುಡುಗರನ್ನು ಹೋಲಿಕೆಯ ಊರಿನ 90 ಹುಡುಗರೊಂದಿಗೆ ಹೋಲಿಸಿದ ಭಾಗ 2003ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ರಕ್ತದಲ್ಲಿನ ಎಂಡೋಸಲ್ಫಾನಿನ ಸರಾಸರಿ ನೂರು ಕೋಟಿ ಭಾಗದಲ್ಲಿ 7.47 ಭಾಗದಷ್ಟಿತ್ತು, ಹೋಲಿಕೆಯ ಊರಿನಲ್ಲಿ 1.37. ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರುವುದಕ್ಕೂ ರಕ್ತದಲ್ಲಿನ ಈ ಪ್ರಮಾಣಕ್ಕೂ ಸಂಬಂಧ ಕಂಡುಬಂತು. ಅದೇ ಲೇಖನದಲ್ಲಿ ಸಂಶೋಧಕರು ತಮ್ಮ ಮಿತಿಯನ್ನೂ ಬರೆದರು: ಪರೀಕ್ಷೆಗೆ ಸಿಕ್ಕ ಮಕ್ಕಳ ಸಂಖ್ಯೆ ಸಣ್ಣದು, ಆಹ್ವಾನಿಸಿದವರಲ್ಲಿ ಕೆಲವರು ಭಾಗವಹಿಸಲಿಲ್ಲ.

ಈ ಮಿತಿಗಳನ್ನು ಮುಂದಿಟ್ಟುಕೊಂಡು ಬೇರೆ ತೀರ್ಮಾನಕ್ಕೆ ಬಂದವರೂ ಇದ್ದರು. ಕೇಂದ್ರ ಸರಕಾರ ನೇಮಿಸಿದ ದುಬೆ ಸಮಿತಿ, ಎಂಡೋಸಲ್ಫಾನಿಗೂ ಪಡ್ರೆಯ ಕಾಯಿಲೆಗಳಿಗೂ ಸಂಬಂಧ ಕಾಣುವುದಿಲ್ಲ ಎಂದು 2003ರಲ್ಲಿ ಹೇಳಿತು. ಒಂದೇ ಊರು, ಎರಡು ಉತ್ತರ. ಓದುವವರು ಆಗ ಕೇಳಬೇಕಾದ ಪ್ರಶ್ನೆಗಳು ಇವು: ಯಾರನ್ನು ಪರೀಕ್ಷಿಸಿದರು, ಯಾರೊಂದಿಗೆ ಹೋಲಿಸಿದರು, ಯಾವ ತಿಂಗಳಿನಲ್ಲಿ ಮಾದರಿ ತೆಗೆದರು, ಇದ್ದ ಮಾಹಿತಿಯನ್ನೇ ಮತ್ತೆ ಓದಿದರೋ ಹೊಸದಾಗಿ ಅಳೆದರೋ.

ನೆನಪು ಮತ್ತು ಭಾಷೆ

ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವ ಅಧ್ಯಯನಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ನ್ಯೂನತೆಯಿರುವ ಮಗುವಿನ ತಾಯಿ ತನ್ನ ಬಸಿರಿನ ಒಂದೊಂದು ದಿನವನ್ನೂ ನೂರಾರು ಬಾರಿ ಮನಸ್ಸಿನಲ್ಲಿ ತಿರುವಿ ಹಾಕಿರುತ್ತಾಳೆ. ಹೆಲಿಕಾಪ್ಟರ್ ಬಂದ ದಿನ, ಬಾವಿಯ ನೀರಿನ ವಾಸನೆ, ಎಲ್ಲವೂ ಅವಳಿಗೆ ನೆನಪಿರುತ್ತದೆ. ಆರೋಗ್ಯವಂತ ಮಗುವಿನ ತಾಯಿಗೆ ಅದನ್ನು ನೆನಪಿಡುವ ಕಾರಣವೇ ಇರಲಿಲ್ಲ. ಇಬ್ಬರೂ ಸತ್ಯವನ್ನೇ ಹೇಳುತ್ತಾರೆ, ಆದರೂ ಹೋಲಿಕೆ ವಾಲುತ್ತದೆ. ಆದ್ದರಿಂದ ನೆನಪಿನ ಜೊತೆಗೆ ಸಿಂಪಡಣೆಯ ದಿನಾಂಕ, ತೋಟದಿಂದ ಮನೆಗಿರುವ ದೂರ, ಆಸ್ಪತ್ರೆಯ ಚೀಟಿ ಮುಂತಾದ ಬರಹದ ಆಧಾರಗಳನ್ನೂ ನೋಡುತ್ತಾರೆ.

ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತುಗಳಿರುವ ನಮ್ಮ ಜಿಲ್ಲೆಯಲ್ಲಿ ಪ್ರಶ್ನೆಯನ್ನು ತಾಯಿಯ ಮಾತಿನಲ್ಲಿಯೇ ಕೇಳಬೇಕೆಂಬುದನ್ನು ಇಲ್ಲಿ ಸೇರಿಸಲೇಬೇಕು. ಗರ್ಭ ಇಳಿದ ಸಂಗತಿಯನ್ನು, ಮಗುವಿಗೆ ಫಿಟ್ಸ್ ಬರುವುದನ್ನು, ಮುಟ್ಟಿನ ಏರುಪೇರನ್ನು ಅರ್ಧ ಗೊತ್ತಿರುವ ಭಾಷೆಯಲ್ಲಿ ಪರಕೀಯರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಸಂಬಂಧ ಕಂಡರೆ ಅದೇ ಕಾರಣವೇ?

ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಇದನ್ನು ತೂಗಿ ನೋಡಲು ಒಂಬತ್ತು ದೃಷ್ಟಿಕೋನಗಳನ್ನು ಕೊಟ್ಟರು. ವಿಷ ತಗಲಿದ್ದು ಹಾನಿಗಿಂತ ಮೊದಲೇ, ಹೆಚ್ಚು ತಗಲಿದವರಲ್ಲಿ ಹಾನಿಯೂ ಹೆಚ್ಚೇ, ಬೇರೆ ಊರುಗಳಲ್ಲಿಯೂ ಹೀಗೇ ಕಂಡಿದೆಯೇ, ಪ್ರಾಣಿಗಳ ಮೇಲಿನ ಪ್ರಯೋಗಗಳು ಇದನ್ನು ಬೆಂಬಲಿಸುತ್ತವೆಯೇ ಎಂಬವು ಅವುಗಳಲ್ಲಿ ಮುಖ್ಯ. ಎಂಡೋಸಲ್ಫಾನಿನ ವಿಷಯದಲ್ಲಿ ಗಂಡು ಇಲಿಗಳ ಸಂತಾನಶಕ್ತಿಗೆ ಹಾನಿಯಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಅದು ನರಮಂಡಲದ ಮೇಲೆ ಕೆಲಸ ಮಾಡುವ ವಿಷವೆಂಬುದರಲ್ಲಿ ವಿವಾದವೇ ಇಲ್ಲ. ಕೀಟ ಸಾಯುವುದೇ ಹಾಗೆ.

'ಪುರಾವೆ ಸಿಗಲಿಲ್ಲ' ಎಂಬ ಮಾತಿನ ಅರ್ಥ

ಹುಟ್ಟು ನ್ಯೂನತೆಯ ಕ್ಲಸ್ಟರ್ ತನಿಖೆಗಳಲ್ಲಿ ಹೆಚ್ಚಿನವು ಕಾರಣವನ್ನು ಗುರುತಿಸದೆಯೇ ಮುಗಿಯುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತ್ಯಾಜ್ಯ ವಿಲೇವಾರಿ ಘಟಕದ ಹತ್ತಿರದ ಕೆಟಲ್‌ಮನ್ ಸಿಟಿ ಎಂಬ ಸಣ್ಣ ಊರಿನಲ್ಲಿ ಕೆಲವೇ ವರ್ಷಗಳಲ್ಲಿ 11 ಮಕ್ಕಳಲ್ಲಿ ನ್ಯೂನತೆಗಳು ಕಂಡು, 2010ರಲ್ಲಿ ರಾಜ್ಯ ಸರಕಾರ ತನಿಖೆ ನಡೆಸಿತು. ಎಲ್ಲರಿಗೂ ಸಾಮಾನ್ಯವಾದ ಕಾರಣ ಸಿಗಲಿಲ್ಲ. ಇಂಗ್ಲೆಂಡಿನ ಕಾರ್ಬಿಯಲ್ಲಿ ಬೇರೆಯೇ ಆಯಿತು. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ನೆಲವನ್ನು ಶುಚಿಗೊಳಿಸುವಾಗ ವಿಷದ ಕೆಸರನ್ನು ತೆರೆದ ಲಾರಿಗಳಲ್ಲಿ ಸಾಗಿಸಿದ್ದರಿಂದ ಧೂಳು ಊರಿಗೆಲ್ಲ ಹರಡಿತ್ತು. ಕೈ ಮತ್ತು ಪಾದಗಳ ಬೆರಳು ಮೂಡದ ಮಕ್ಕಳ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ಅಲ್ಲಿ ನಿಜವಾದ ಕ್ಲಸ್ಟರ್ ಇತ್ತೆಂದೂ ಸ್ಥಳೀಯ ಆಡಳಿತದ ನಿರ್ಲಕ್ಷ್ಯವಿತ್ತೆಂದೂ 2009ರಲ್ಲಿ ತೀರ್ಪು ಬಂತು. ಅಲ್ಲಿ ನ್ಯೂನತೆಯ ಬಗೆ ಒಂದೇ ಆಗಿತ್ತು, ಕೆಲಸ ನಡೆದ ವರ್ಷಗಳು ದಾಖಲಾಗಿದ್ದವು.

ಮೊದಲು ನೋಡಿದ ನಲವತ್ತರ ಲೆಕ್ಕವನ್ನು ಇಲ್ಲಿ ಮತ್ತೆ ನೆನೆಯಬೇಕು. ಸಣ್ಣ ಊರಿನಲ್ಲಿ, ದಾಖಲೆಯಿಲ್ಲದ ಕಾಲದ ಬಗ್ಗೆ, ವಿಷ ರಕ್ತದಿಂದ ಹೊರಟುಹೋದ ಮೇಲೆ ಹುಡುಕಿದವರು 'ಪುರಾವೆ ಸಿಗಲಿಲ್ಲ' ಎಂದರೆ, ತಮ್ಮ ಬಲೆಯ ಕಣ್ಣು ಅಷ್ಟು ದೊಡ್ಡದಾಗಿತ್ತು ಎಂದೂ ಅರ್ಥವಾಗಬಹುದು. ಅದನ್ನು 'ಸಂಬಂಧವಿಲ್ಲ ಎಂದು ಸಾಬೀತಾಯಿತು' ಎಂದು ಓದುವುದು ತಪ್ಪು. ಪುರಾವೆ ಸಿಗದಿರುವಾಗ 'ಸಾಬೀತಾಗಿದೆ' ಎನ್ನುವುದೂ ಅಷ್ಟೇ ತಪ್ಪು.

ಪರಿಹಾರದ ಪಟ್ಟಿ, ಅಧ್ಯಯನದ ಪಟ್ಟಿ

ಕಾಸರಗೋಡಿನಲ್ಲಿ ಸಂತ್ರಸ್ತರೆಂದು ಸರಕಾರ ಗುರುತಿಸಿದವರ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಇದು ವೈದ್ಯಕೀಯ ಶಿಬಿರಗಳ ಮೂಲಕ ನೆರವಿಗಾಗಿ ಸಿದ್ಧವಾದ ಪಟ್ಟಿ. ಅಧ್ಯಯನಕ್ಕೆ ಬೇಕಾದ ಪಟ್ಟಿಯಲ್ಲಿ ಸಂಶಯವಿರುವವರನ್ನು ಹೊರಗಿಡುವುದು ಕ್ರಮ. ನೆರವಿನ ಪಟ್ಟಿಯಲ್ಲಿ ಸಂಶಯವಿದ್ದರೂ ಕಷ್ಟದಲ್ಲಿರುವವರನ್ನು ಒಳಗೆ ಸೇರಿಸುವುದು ಧರ್ಮ. ಒಂದು ಪಟ್ಟಿಯನ್ನು ಇನ್ನೊಂದರ ಅಳತೆಗೋಲಿನಿಂದ ತೂಗಿದ್ದರಿಂದ, ಹಾಸಿಗೆ ಹಿಡಿದ ಮಕ್ಕಳ ಮನೆಯವರು 'ನಿಜವಾದ ಸಂತ್ರಸ್ತರು' ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರಿಸಬೇಕಾಗಿ ಬಂದಿದೆ. ಇದು ನೋವಿನ ಸಂಗತಿ. ಕ್ಲಸ್ಟರ್ ಪೂರ್ಣವಾಗಿ ಸಾಬೀತಾದರೂ, ಅದರೊಳಗಿನ ಇಂಥದೇ ಒಂದು ಮಗುವಿನ ನ್ಯೂನತೆ ವಿಷದಿಂದಲೇ ಬಂತು ಎಂದು ಬೊಟ್ಟು ಮಾಡಿ ಹೇಳಲು ಹೆಚ್ಚಿನ ಸಂದರ್ಭಗಳಲ್ಲಿ ವಿಜ್ಞಾನಕ್ಕೆ ಸಾಧ್ಯವಿಲ್ಲ.

ಕಾನೂನು ಅಷ್ಟು ಖಚಿತತೆಗಾಗಿ ಕಾಯುವುದೂ ಇಲ್ಲ. ಪರಿಸರದಲ್ಲಿ ದೀರ್ಘಕಾಲ ಉಳಿಯುವ, ಜೀವಿಗಳ ದೇಹದಲ್ಲಿ ಶೇಖರವಾಗುವ, ದೂರದವರೆಗೆ ಸಾಗುವ ವಿಷವೆಂಬ ಕಾರಣಕ್ಕೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಭಾರತದ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ ಆದೇಶಿಸಿತು.

ಊರಿನಲ್ಲಿ ಸಂಶಯ ಮೂಡಿದರೆ

ಒಂದೇ ಬಗೆಯ ನ್ಯೂನತೆ, ಅದರಲ್ಲೂ ಅಪರೂಪದ್ದು, ಹತ್ತಿರದ ಎರಡು ಮೂರು ಮನೆಗಳಲ್ಲಿ ಕಂಡರೆ ಅದನ್ನು ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಬರಹದಲ್ಲಿ ತಿಳಿಸಿ, ಜಿಲ್ಲಾ ವೈದ್ಯಾಧಿಕಾರಿಗೆ ಪ್ರತಿ ಕಳುಹಿಸುವುದು ಮೊದಲ ಹೆಜ್ಜೆ. ಮನೆಯವರು ಬರೆದಿಡಬಹುದಾದದ್ದು ಬಹಳವಿದೆ: ಮುಟ್ಟು ನಿಂತ ದಿನಾಂಕ, ಮೊದಲ ಮೂರು ತಿಂಗಳು ತಾಯಿ ಇದ್ದ ಮನೆ, ಕುಡಿದ ನೀರಿನ ಮೂಲ, ಆಗ ಬಂದ ಜ್ವರ, ತೆಗೆದುಕೊಂಡ ಔಷಧ, ತೋಟದಲ್ಲಿ ಹೊಡೆದ ಕೀಟನಾಶಕದ ಹೆಸರು ಮತ್ತು ಹೊಡೆದ ದಿನ. ಕೀಟನಾಶಕದ ಬಾಟಲಿಯ ಚೀಟಿಯನ್ನು ಫೋಟೋ ತೆಗೆದಿಟ್ಟರೆ ಸಾಕು, ಖಾಲಿ ಬಾಟಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಗು ಸತ್ತು ಹುಟ್ಟಿದ್ದರೆ ಆಸ್ಪತ್ರೆಯ ವಿವರವಾದ ವರದಿಯನ್ನು ಕೇಳಿ ಪಡೆಯಬೇಕು.

ಮಂಗಳೂರಿನಲ್ಲಿ ಹೆರಿಗೆಯಾದವರು ಡಿಸ್ಚಾರ್ಜ್ ಚೀಟಿಯ ಪ್ರತಿಯನ್ನು ಊರಿನ ಆರೋಗ್ಯ ಕೇಂದ್ರಕ್ಕೂ ಕೊಟ್ಟರೆ, ರಾಜ್ಯದ ಗಡಿಯಲ್ಲಿ ಕಳೆದುಹೋಗುವ ಒಂದು ಮಗುವಿನ ಲೆಕ್ಕ ಅದು ಬೆಳೆಯುವ ಪಂಚಾಯತಿಗೆ ಸೇರುತ್ತದೆ. ಆರೋಗ್ಯವಾಗಿ ಹುಟ್ಟಿದ ಮಗುವಿನ ಚೀಟಿಯನ್ನೂ ಹೀಗೆಯೇ ಕೊಡಬೇಕು, ಏಕೆಂದರೆ ಎಣಿಕೆಗೆ ಆ ಮಗುವೂ ಬೇಕು.